ಕ್ಷೀಣಿತ ಯುರೇನಿಯಂ ಹೆಕ್ಸಾಫ್ಲೋರೈಡನ್ನು ಸ್ಥಿರ ಆಕ್ಸೈಡಾಗಿ ಮಾರ್ಪಡಿಸುವ ಬಗೆ

ಗಣಿಯಿಂದ ಬರುವ ಯುರೇನಿಯಂನಲ್ಲಿ ಸುಲಭವಾಗಿ ವಿದಳನಗೊಳ್ಳುವ ಯುರೇನಿಯಂ-235ರ ಪಾಲು ಶೇ 0.711 ಮಾತ್ರ. ಹಗುರ ನೀರಿನ ರಿಯಾಕ್ಟರುಗಳಿಗೆ ಈ ಪಾಲನ್ನು ಸಾಮಾನ್ಯವಾಗಿ ಶೇ 3ರಿಂದ 5ರವರೆಗೆ ಏರಿಸಬೇಕಾಗುತ್ತದೆ. ಸಂವರ್ಧನೆ ಎಂಬ ಈ ಏರಿಸುವ ಕೆಲಸದ ಯಂತ್ರಗಳು ಅನಿಲವನ್ನು ಬೇಡುತ್ತವೆ. ಆ ಕೆಲಸಕ್ಕೆ ಒದಗಿಬಂದ ಸಂಯುಕ್ತವೆಂದರೆ ಯುರೇನಿಯಂ ಹೆಕ್ಸಾಫ್ಲೋರೈಡ್. ಸಂವರ್ಧನೆ ಮುಗಿದ ಮೇಲೆ ಬೇಕಾದ ಅಲ್ಪಭಾಗ ಇಂಧನ ತಯಾರಿಕೆಗೆ ಹೋಗುತ್ತದೆ, ಯುರೇನಿಯಂ-235ರ ಪಾಲು ಶೇ 0.2ರಿಂದ 0.4ಕ್ಕೆ ಇಳಿದಿರುವ ಬಹುಭಾಗ, ಎಂದರೆ ಕ್ಷೀಣಿತ ಯುರೇನಿಯಂ, ಅದೇ ಹೆಕ್ಸಾಫ್ಲೋರೈಡಾಗಿ ಉಕ್ಕಿನ ಸಿಲಿಂಡರುಗಳಲ್ಲಿ ಉಳಿದುಬಿಡುತ್ತದೆ. ಅಮೆರಿಕದಲ್ಲಿ ಮಾತ್ರವೇ ಹೀಗೆ ಉಳಿದದ್ದು 7 ಲಕ್ಷ ಟನ್ನಿಗೂ ಹೆಚ್ಚು. ಕೆಂಟಕಿಯ ಪಡೂಕಾ, ಓಹಾಯೋದ ಪೋರ್ಟ್ಸ್‌ಮತ್ ಮತ್ತು ಟೆನ್ನೆಸ್ಸಿಯ ಓಕ್ ರಿಜ್ ಅಂಗಳಗಳಲ್ಲಿ ದಶಕಗಟ್ಟಲೆ ಬಯಲಿನಲ್ಲಿ ಸಾಲಾಗಿ ಮಲಗಿದ್ದ ಈ ಸಿಲಿಂಡರುಗಳನ್ನು ಏನು ಮಾಡಬೇಕೆಂಬುದಕ್ಕೆ ಅಲ್ಲಿನ ಸಂಸತ್ತು 1998ರಲ್ಲಿ ಕಾನೂನಿನ ಮೂಲಕವೇ ಉತ್ತರ ಕೊಡಬೇಕಾಯಿತು. ಪಡೂಕಾ ಮತ್ತು ಪೋರ್ಟ್ಸ್‌ಮತ್‌ಗಳಲ್ಲಿ ಇಂದು ನಡೆಯುತ್ತಿರುವ ಪರಿವರ್ತನಾ ಸ್ಥಾವರಗಳು ಆ ಕಾನೂನಿನ ಫಲ.

ಆ ಪರಿವರ್ತನೆ ಯಾವ ಕ್ರಮದಲ್ಲಿ ನಡೆಯುತ್ತದೆ, ಒಂದೊಂದು ಹೆಜ್ಜೆಯಲ್ಲೂ ಏನನ್ನು ಗಮನಿಸಬೇಕು, ಯಾವುದನ್ನು ಮಾಡಬಾರದು ಎಂಬುದನ್ನು ವಿವರಿಸುವುದು ಈ ಕೈಪಿಡಿಯ ಉದ್ದೇಶ. ರಾಸಾಯನಿಕ ತಂತ್ರಜ್ಞಾನದ ವಿದ್ಯಾರ್ಥಿಗಳನ್ನೂ, ಕೈಗಾರಿಕಾ ಸುರಕ್ಷತೆಯ ಹೊಣೆ ಹೊತ್ತವರನ್ನೂ, ಇಂಥ ಸ್ಥಾವರಗಳ ವರದಿಗಳನ್ನು ಅರ್ಥಮಾಡಿಕೊಳ್ಳಬಯಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಪರವಾನಗಿ ಪಡೆದ ಸ್ಥಾವರದ ಹೊರಗೆ, ಕಾಲೇಜಿನ ಪ್ರಯೋಗಾಲಯದಲ್ಲಾಗಲಿ ಬೇರೆಲ್ಲೇ ಆಗಲಿ, ಈ ಕೆಲಸಕ್ಕೆ ಕೈಹಾಕುವಂತಿಲ್ಲ.

ಅಪಾಯ ಇರುವುದು ಫ್ಲೋರಿನ್‌ನಲ್ಲಿ

ಯುರೇನಿಯಂ ಎಂದ ಕೂಡಲೇ ಮನಸ್ಸು ವಿಕಿರಣದ ಕಡೆಗೆ ಓಡುತ್ತದೆ. ಇಲ್ಲಿ ಆ ಓಟ ತಪ್ಪು ದಿಕ್ಕಿನದು. ಕ್ಷೀಣಿತ ಯುರೇನಿಯಂನ ಬಹುಪಾಲು ಯುರೇನಿಯಂ-238, ಅದರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) 447 ಕೋಟಿ ವರ್ಷ. ಅಷ್ಟು ನಿಧಾನವಾಗಿ ಕ್ಷಯಿಸುವ ವಸ್ತುವಿನಿಂದ ಹೊಮ್ಮುವ ವಿಕಿರಣ ಸಿಲಿಂಡರಿನ ಹತ್ತಿರ ಕೆಲಸ ಮಾಡುವವರಿಗೆ ಲೆಕ್ಕವಿಟ್ಟು ನಿಭಾಯಿಸಬಹುದಾದ ಮಟ್ಟದ್ದು. ಹೆಕ್ಸಾಫ್ಲೋರೈಡ್ ಕೊಲ್ಲುವುದು ರಾಸಾಯನಿಕವಾಗಿ. ಗಾಳಿಯಲ್ಲಿರುವ ತೇವಾಂಶ ತಗುಲಿದ ಕ್ಷಣದಲ್ಲಿಯೇ ಅದು ಒಡೆದು ಎರಡು ವಸ್ತುಗಳಾಗುತ್ತದೆ: ಒಂದು, ನೀರಿನಲ್ಲಿ ಸರಾಗವಾಗಿ ಕರಗಿ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡುವ ಯುರೇನಿಲ್ ಫ್ಲೋರೈಡ್, ಇನ್ನೊಂದು, ಶ್ವಾಸಕೋಶವನ್ನೂ ಚರ್ಮವನ್ನೂ ಸುಡುವ ಹೈಡ್ರೋಜನ್ ಫ್ಲೋರೈಡ್. ಒಂದು ಟನ್ ಹೆಕ್ಸಾಫ್ಲೋರೈಡ್‌ನಲ್ಲಿ ಯುರೇನಿಯಂ ಸುಮಾರು 676 ಕಿಲೋ ಇದ್ದರೆ, ಉಳಿದ 324 ಕಿಲೋ ಫ್ಲೋರಿನ್.

ಆದ್ದರಿಂದ ಇಡೀ ಕೆಲಸವನ್ನು ಹೀಗೆ ನೋಡುವುದು ಒಳ್ಳೆಯದು: ಪರಿವರ್ತನೆಯಿಂದ ಯುರೇನಿಯಂ ಪರಮಾಣು ಒಂದಿಷ್ಟೂ ಬದಲಾಗುವುದಿಲ್ಲ, ವಿಕಿರಣ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಬದಲಾಗುವುದು ಅದರ ಜತೆಗಾರ ಮಾತ್ರ. ಫ್ಲೋರಿನನ್ನು ಬಿಡಿಸಿ ಆ ಜಾಗದಲ್ಲಿ ಆಮ್ಲಜನಕವನ್ನು ಕೂರಿಸುವುದು, ಬಿಡಿಸಿದ ಫ್ಲೋರಿನ್ ಕೊನೆಯ ಕಿಲೋವರೆಗೂ ಎಲ್ಲಿಗೆ ಹೋಯಿತೆಂದು ಲೆಕ್ಕ ಒಪ್ಪಿಸುವುದು, ಇಷ್ಟೇ ಈ ಉದ್ಯಮದ ಸಾರ. ಯಾವುದೇ ಹೆಜ್ಜೆಯಲ್ಲಿ ಗೊಂದಲವಾದರೆ ಈಗ ಫ್ಲೋರಿನ್ ಎಲ್ಲಿದೆ, ನೀರು ಎಲ್ಲಿಂದ ಬರಬಹುದು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಬಹುಪಾಲು ಸರಿಯಾದ ಉತ್ತರಕ್ಕೆ ತಲುಪಬಹುದು.

ಯಾವ ರೂಪಕ್ಕೆ ತರಬೇಕು

ಆಯ್ಕೆಗಳು ಹಲವಿವೆ. ಟೆಟ್ರಾಫ್ಲೋರೈಡ್ ಮಾಡಿದರೆ ಆವಿಯಾಗದ ಘನವಸ್ತು ದೊರೆಯುತ್ತದೆ, ಆದರೆ ಫ್ಲೋರಿನ್‌ನ ಮೂರರಲ್ಲಿ ಎರಡು ಪಾಲು ಅದರಲ್ಲೇ ಉಳಿಯುತ್ತದೆ. ಕೆಲಸ ಅರ್ಧಕ್ಕೆ ನಿಂತಂತೆ. ಲೋಹ ಮಾಡಿದರೆ ಜಾಗ ಬಹಳ ಉಳಿಯುತ್ತದೆ, ಆದರೆ ಯುರೇನಿಯಂ ಲೋಹದ ಸಣ್ಣ ಚೂರುಗಳು ಗಾಳಿಯಲ್ಲಿ ತಾವಾಗಿಯೇ ಹೊತ್ತಿಕೊಳ್ಳಬಲ್ಲವು, ಖರ್ಚೂ ಹೆಚ್ಚು. ಡೈಆಕ್ಸೈಡ್ ಇಂಧನದ ಬಿಲ್ಲೆಗಳಿಗೆ ಸರಿಯಾದ ರೂಪವಾದರೂ ನುಣ್ಣನೆಯ ಪುಡಿಯಾಗಿದ್ದಾಗ ಗಾಳಿಯಿಂದ ಇನ್ನಷ್ಟು ಆಮ್ಲಜನಕ ಹೀರಿ ಬಿಸಿಯೇರುತ್ತದೆ. ಹೀಗೆ ಹೀರುತ್ತಾ ಹೋಗಿ ಅದು ಕೊನೆಗೆ ನಿಲ್ಲುವ ರೂಪವೇ ಟ್ರೈಯುರೇನಿಯಂ ಆಕ್ಟಾಕ್ಸೈಡ್. ಕಡುಹಸಿರಿನಿಂದ ಕಪ್ಪಿನವರೆಗೆ ಬಣ್ಣವಿರುವ ಈ ಪುಡಿ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು, ಉರಿಯುವುದಿಲ್ಲ, ಗಾಳಿಯಲ್ಲಿಟ್ಟರೂ ಬದಲಾಗುವುದಿಲ್ಲ. ಬಹುಕಾಲ ಕೂಡಿಡಬೇಕಾದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ರೂಪವಿಲ್ಲ. ಫ್ರಾನ್ಸ್, ಅಮೆರಿಕ, ರಷ್ಯಾ, ಬ್ರಿಟನ್ ನಾಲ್ಕೂ ದೇಶಗಳ ದೊಡ್ಡ ಸ್ಥಾವರಗಳು ಇದನ್ನೇ ಆರಿಸಿಕೊಂಡಿವೆ. ಫ್ರಾನ್ಸಿನ ಪಿಯರ್‌ಲಾಟ್‌ನಲ್ಲಿ 1984ರಿಂದ ನಡೆಯುತ್ತಿರುವ ಸ್ಥಾವರ ಇವುಗಳಲ್ಲಿ ಹಿರಿಯದು. ರಷ್ಯಾದ ಝೆಲೆನೊಗೊರ್ಸ್ಕ್‌ನಲ್ಲಿ 2009ರಲ್ಲಿ ಆರಂಭವಾದದ್ದೂ, ಇಂಗ್ಲೆಂಡಿನ ಕೇಪನ್‌ಹರ್ಸ್ಟ್‌ನಲ್ಲಿ ನಂತರ ಬಂದದ್ದೂ ಫ್ರೆಂಚ್ ವಿಧಾನವನ್ನೇ ಅನುಸರಿಸುತ್ತವೆ.

ನಮ್ಮ ಕೈಗಾದ ಭಾರಜಲ ರಿಯಾಕ್ಟರುಗಳಿಗೆ ಈ ತಲೆನೋವಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಅವು ಸಹಜ ಯುರೇನಿಯಂನ ಡೈಆಕ್ಸೈಡಿನಿಂದಲೇ ನಡೆಯುವುದರಿಂದ, ಅವುಗಳ ಇಂಧನ ಹೆಕ್ಸಾಫ್ಲೋರೈಡಿನ ಹಂತವನ್ನು ಹಾದುಹೋಗುವುದೇ ಇಲ್ಲ.

ಮೊದಲ ಕೆಲಸ ಅಂಗಳದಲ್ಲಿ

ಪರಿವರ್ತನೆಯ ವರದಿಗಳನ್ನು ಓದುವವರು ಸಾಮಾನ್ಯವಾಗಿ ರಾಸಾಯನಿಕ ಕ್ರಿಯೆ ನಡೆಯುವ ಕುಲುಮೆಯ ಪುಟಕ್ಕೆ ನೇರವಾಗಿ ಹೋಗುತ್ತಾರೆ. ಆದರೆ ಅನುಭವಿಗಳ ಗಮನ ಹೆಚ್ಚಾಗಿ ಇರುವುದು ಸಿಲಿಂಡರ್ ಅಂಗಳದ ಮೇಲೆ. ಸಾಮಾನ್ಯ ಬಳಕೆಯ ಸಿಲಿಂಡರು ಸುಮಾರು 4 ಅಡಿ ವ್ಯಾಸದ, 12 ಅಡಿ ಉದ್ದದ ಇಂಗಾಲದ ಉಕ್ಕಿನ ಪಾತ್ರೆ. ಅದರಲ್ಲಿ ಸುಮಾರು 12 ಟನ್ ಹೆಕ್ಸಾಫ್ಲೋರೈಡ್ ಹಿಡಿಯುತ್ತದೆ. ಹಲವು ಸಿಲಿಂಡರುಗಳ ಗೋಡೆಯ ದಪ್ಪ ಇಂಚಿನ ಹದಿನಾರರಲ್ಲಿ ಐದು ಭಾಗ, ಎಂದರೆ 8 ಮಿಲಿಮೀಟರು. ಮಳೆ ಬಿಸಿಲುಗಳಲ್ಲಿ ದಶಕಗಳ ಕಾಲ ಮಲಗಿದ ಇಷ್ಟು ತೆಳುವಾದ ಉಕ್ಕು ತುಕ್ಕು ಹಿಡಿಯದಿರಲು ಸಾಧ್ಯವಿಲ್ಲ. 1990ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಎರಡು ಸಿಲಿಂಡರುಗಳು ತೂತಾಗಿರುವುದು ಕಂಡುಬಂತು. ಪೇರಿಸುವಾಗ ಪಕ್ಕದ ಸಿಲಿಂಡರಿನ ಎತ್ತುವ ಕೊಂಡಿ ಗೋಡೆಗೆ ತಾಗಿ ಆದ ಗಾಯವೇ ಅದಕ್ಕೆ ಮೂಲವಾಗಿತ್ತು. ಇಂಥ ಘಟನೆಗಳ ಹಿನ್ನೆಲೆಯಲ್ಲಿ 1995ರಲ್ಲಿ ಅಮೆರಿಕದ ರಕ್ಷಣಾ ಪರಮಾಣು ಸೌಲಭ್ಯಗಳ ಸುರಕ್ಷತಾ ಮಂಡಳಿ ಸಿಲಿಂಡರುಗಳ ಸ್ಥಿತಿಯ ಬಗ್ಗೆಯೇ ಪ್ರತ್ಯೇಕ ಶಿಫಾರಸು ಹೊರಡಿಸಿತು.

ತೂತಾದರೂ ಎಲ್ಲವೂ ಒಮ್ಮೆಲೇ ಹೊರಗೆ ನುಗ್ಗಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಇಡೀ ಪ್ರಕ್ರಿಯೆಯನ್ನು ತಿಳಿಯಲು ನೆರವಾಗುತ್ತದೆ. ಸಾಧಾರಣ ಉಷ್ಣತೆಯಲ್ಲಿ ಹೆಕ್ಸಾಫ್ಲೋರೈಡ್ ಬಿಳಿಯ ಹರಳುಗಳ ಘನವಸ್ತು, ಅದರ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಬಹಳ ಕಡಿಮೆ. ಹಾಗಾಗಿ ತಣ್ಣನೆಯ ಸಿಲಿಂಡರು ತೂತಾದಾಗ ಮೊದಲು ಗಾಳಿಯೇ ಒಳಕ್ಕೆ ಹೋಗುತ್ತದೆ. ಆ ಗಾಳಿಯ ತೇವ ಘನವಸ್ತುವಿನೊಡನೆಯೂ ಉಕ್ಕಿನೊಡನೆಯೂ ಕೂಡಿ ಗಟ್ಟಿಯಾದ ಪದರವೊಂದು ಬೆಳೆದು ತೂತಿಗೆ ತಾನೇ ಬಿರಡೆಯಂತೆ ಕೂರುತ್ತದೆ. ಇದನ್ನು ಅದೃಷ್ಟವೆಂದು ತಿಳಿಯಬೇಕೇ ಹೊರತು ರಕ್ಷಣೆಯೆಂದಲ್ಲ, ಏಕೆಂದರೆ ಒಳಗೆ ಹುಟ್ಟುವ ಹೈಡ್ರೋಜನ್ ಫ್ಲೋರೈಡ್ ಉಕ್ಕನ್ನು ತಿನ್ನುತ್ತಲೇ ಇರುತ್ತದೆ.

ಹೀಗಾಗಿ ಸಿಲಿಂಡರನ್ನು ಜಾಗದಿಂದ ಎತ್ತುವ ಮೊದಲು ಅದರ ಸುತ್ತಲೂ ನಡೆದು ಕಣ್ಣಿನಿಂದ ಪರೀಕ್ಷಿಸಬೇಕು. ನೆಗ್ಗು, ಬಿರುಕು, ಆಳವಾದ ತುಕ್ಕು, ವಾಲ್ವಿನ ಸುತ್ತ ಬಿಳಿ ಅಥವಾ ಹಳದಿ ಪುಡಿ ಇದೆಯೇ ನೋಡಬೇಕು. ತಳಭಾಗ ತಾಗಿಕೊಂಡಿದ್ದ ದಿಮ್ಮಿಯ ಜಾಗದಲ್ಲಿ ನೀರು ನಿಂತು ಗೋಡೆ ಸವೆದಿರುವ ಸಂಭವವಿರುವುದರಿಂದ ಅಲ್ಲಿ ಶ್ರವಣಾತೀತ ಅಲೆಗಳಿಂದ ದಪ್ಪ ಅಳೆಯಬೇಕು. ಬಣ್ಣದ ಬಗ್ಗೆಯೂ ಎಚ್ಚರ ಬೇಕು: ಹಳೆಯ ಕೆಲವು ಸಿಲಿಂಡರುಗಳ ಬಣ್ಣದಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲುಗಳೆಂಬ ವಿಷಕಾರಿ ರಾಸಾಯನಿಕಗಳಿವೆ, ಅವನ್ನು ಕೆರೆದು ಧೂಳೆಬ್ಬಿಸಿದರೆ ಬೇರೆಯದೇ ತೊಂದರೆ ಹುಟ್ಟುತ್ತದೆ.

ಮುಂದಿನದು ಗುರುತು. ಸಿಲಿಂಡರಿನ ತಗಡಿನ ಮೇಲಿನ ಸಂಖ್ಯೆ, ದಾಖಲೆಯಲ್ಲಿರುವ ತೂಕ, ಯುರೇನಿಯಂ-235ರ ಪಾಲು ಮೂರೂ ಒಂದಕ್ಕೊಂದು ಹೊಂದಬೇಕು. ಕ್ಷೀಣಿತ ಯುರೇನಿಯಂನಲ್ಲಿ ಸರಣಿ ವಿದಳನ ತಾನಾಗಿ ನಡೆಯುವ ಸಂಭವವಿಲ್ಲವೆಂಬ ಭರವಸೆಯ ಮೇಲೆ ಮುಂದಿನ ಪಾತ್ರೆಗಳ ಅಳತೆಗಳು ನಿಂತಿವೆ; ತಪ್ಪಿ ಒಂದು ಸಂವರ್ಧಿತ ಸಿಲಿಂಡರು ಈ ಸಾಲಿಗೆ ಸೇರಿದರೆ ಆ ಭರವಸೆಯೇ ಬಿದ್ದುಹೋಗುತ್ತದೆ. ಆದುದರಿಂದ ಕಾಗದವನ್ನು ನಂಬದೆ ಹೊಮ್ಮುವ ಗಾಮಾ ಕಿರಣಗಳ ಅಳತೆಯಿಂದ ಖಚಿತಪಡಿಸಿಕೊಳ್ಳುವುದು ಲೇಸು. ಬಳಸಿದ ಇಂಧನದಿಂದ ಮರಳಿ ಪಡೆದ ಯುರೇನಿಯಂ ಹಿಂದೊಮ್ಮೆ ಅಮೆರಿಕದ ಸ್ಥಾವರಗಳಿಗೆ ಹೋಗಿದ್ದರಿಂದ, ಕೆಲವು ಸಿಲಿಂಡರುಗಳಲ್ಲಿ ಟೆಕ್ನೀಶಿಯಂ-99, ನೆಪ್ಚೂನಿಯಂ, ಪ್ಲುಟೋನಿಯಂಗಳ ಅಲ್ಪಾಂಶಗಳೂ ಇವೆ. ಅಂಥವನ್ನು ಮೊದಲೇ ಬೇರ್ಪಡಿಸಿ ಗುರುತಿಸಿಡಬೇಕು.

ಕಾಯಿಸುವಾಗ

ಇಡೀ ಕ್ರಮದಲ್ಲಿ ಅತ್ಯಂತ ಗಂಭೀರವಾದ ಹೆಜ್ಜೆ ಇದು. ಸಾಮಾನ್ಯ ಗಾಳಿಯ ಒತ್ತಡದಲ್ಲಿ ಹೆಕ್ಸಾಫ್ಲೋರೈಡ್ ಕರಗದೆಯೇ 56.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೇರವಾಗಿ ಆವಿಯಾಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಸುಮಾರು ಒಂದೂವರೆ ವಾಯುಭಾರದ ಒತ್ತಡದಲ್ಲಿ, 64 ಡಿಗ್ರಿಯಲ್ಲಿ ಕರಗಿ ದ್ರವವಾಗುತ್ತದೆ. ತೊಂದರೆ ಇರುವುದು ಈ ಕರಗುವಿಕೆಯಲ್ಲಿ. ಘನರೂಪದಲ್ಲಿ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 5.1 ಗ್ರಾಂ, ಕರಗಿದ ಕೂಡಲೇ 3.6 ಗ್ರಾಂ, ಇನ್ನೂ ಕಾಯಿಸಿ 121 ಡಿಗ್ರಿಗೆ ತಂದರೆ 3.3 ಗ್ರಾಮಿನ ಆಸುಪಾಸು. ಎಂದರೆ ಅದೇ ತೂಕದ ವಸ್ತು ತಣ್ಣಗಿದ್ದಾಗ ತೆಗೆದುಕೊಳ್ಳುವ ಜಾಗದ ಒಂದೂವರೆ ಪಟ್ಟನ್ನು ಬೇಡುತ್ತದೆ. ತಣ್ಣಗಿರುವಾಗ ಮುಕ್ಕಾಲು ತುಂಬಿದಂತೆ ಕಾಣುವ ಸಿಲಿಂಡರಿನಲ್ಲಿ ಕಾಯಿಸಿದ ಮೇಲೆ ಜಾಗವೇ ಸಾಲುವುದಿಲ್ಲ, ದ್ರವವೋ ಕುಗ್ಗುವುದಿಲ್ಲ, ಕೊನೆಗೆ ಬಿರಿಯುವುದು ಉಕ್ಕು.

1986ರ ಜನವರಿ 4ರಂದು ಒಕ್ಲಹೋಮಾದ ಗೋರ್ ಎಂಬಲ್ಲಿನ ಸಿಕೋಯಾ ಫ್ಯೂಯಲ್ಸ್ ಸ್ಥಾವರದಲ್ಲಿ ನಡೆದದ್ದು ಇದೇ. ತುಂಬುವಾಗ ಸಿಲಿಂಡರಿನ ಗಾಡಿ ತೂಕದ ಕಟ್ಟೆಯ ಮೇಲೆ ಪೂರ್ತಿಯಾಗಿ ನಿಂತಿರಲಿಲ್ಲ. ಹಾಗಾಗಿ ತಕ್ಕಡಿ ಕಡಿಮೆ ತೋರಿಸಿತು, ಸಿಲಿಂಡರಿಗೆ ಮಿತಿ ಮೀರಿ ತುಂಬಲಾಯಿತು. ತಪ್ಪು ತಿಳಿದ ಮೇಲೆ ಹೆಚ್ಚಿನದನ್ನು ಹೊರತೆಗೆಯಲು ಅದನ್ನು ಉಗಿಯ ಪೆಟ್ಟಿಗೆಯಲ್ಲಿಟ್ಟು ಕಾಯಿಸಿದರು. ಮಿತಿ ಮೀರಿ ತುಂಬಿದ ಸಿಲಿಂಡರನ್ನು ಕಾಯಿಸಕೂಡದೆಂದು ಸ್ಥಾವರದ ನಿಯಮಗಳಲ್ಲೇ ಬರೆದಿತ್ತು. ಸಿಲಿಂಡರು ಬಿರಿಯಿತು, ಬಿಳಿಯ ಮೋಡ ಎದ್ದಿತು, ಹೈಡ್ರೋಜನ್ ಫ್ಲೋರೈಡ್ ಉಸಿರಾಡಿದ ಒಬ್ಬ ಕಾರ್ಮಿಕ ಸತ್ತ. ಆ ಸಾವಿಗೆ ವಿಕಿರಣ ಕಾರಣವಲ್ಲ; ತಕ್ಕಡಿ ಮತ್ತು ಉಗಿ ಕಾರಣ.

ಆದ್ದರಿಂದ ಕಾಯಿಸುವ ಮುನ್ನ ಎರಡು ಬಾರಿ ತೂಗಬೇಕು, ಎರಡು ಬೇರೆ ತಕ್ಕಡಿಗಳಲ್ಲಿ ತೂಗಿದರೆ ಇನ್ನೂ ಒಳ್ಳೆಯದು. ತುಂಬಿದ ದಿನದ ತೂಕದೊಡನೆ ಹೋಲಿಸಬೇಕು. ಅದಾದ ಮೇಲೆ ತಣ್ಣಗಿರುವಾಗಲೇ ಒಳಗಿನ ಒತ್ತಡ ಅಳೆಯಬೇಕು. ಆ ಉಷ್ಣತೆಗೆ ಹೆಕ್ಸಾಫ್ಲೋರೈಡಿನ ಆವಿಯ ಒತ್ತಡ ಎಷ್ಟಿರಬೇಕೋ ಅದಕ್ಕಿಂತ ಹೆಚ್ಚಿದ್ದರೆ ಗಾಳಿಯೋ ಹೈಡ್ರೋಜನ್ ಫ್ಲೋರೈಡೋ ಒಳಗೆ ಸೇರಿದೆ ಎಂದರ್ಥ. ಅವನ್ನು ತಣ್ಣಗಿರುವಾಗಲೇ ಹೀರಿ ತೆಗೆಯದೆ ಕಾಯಿಸಿದರೆ ಒತ್ತಡ ಲೆಕ್ಕ ಮೀರುತ್ತದೆ. ನಿರ್ವಾತ ಪಂಪಿನ ಎಣ್ಣೆಯ ಹನಿಗಳು ಸಿಲಿಂಡರಿನೊಳಗೆ ಹೋಗದಂತೆ ನೋಡಿಕೊಳ್ಳುವುದೂ ಇದೇ ಹಂತದ ಎಚ್ಚರಿಕೆ, ಏಕೆಂದರೆ ಹೈಡ್ರೋಕಾರ್ಬನ್ ಎಣ್ಣೆಯೂ ಬಿಸಿ ಹೆಕ್ಸಾಫ್ಲೋರೈಡೂ ಸೇರಿದರೆ ಸ್ಫೋಟವಾಗಬಲ್ಲದು.

ಕಾಯಿಸುವುದು ಬಾಗಿಲು ಮುಚ್ಚಿ ಬೀಗ ಹಾಕಬಹುದಾದ, ಒತ್ತಡ ತಡೆಯುವ ಆಟೋಕ್ಲೇವ್ ಎಂಬ ಪಾತ್ರೆಯೊಳಗೆ. ಸಿಲಿಂಡರು ಸೋರಿದರೂ ಸೋರಿದ್ದು ಆಟೋಕ್ಲೇವಿನಲ್ಲೇ ನಿಲ್ಲಬೇಕೆಂಬುದು ಇದರ ತತ್ವ. ಉಷ್ಣತೆ ನಿಧಾನವಾಗಿ ಏರಬೇಕು. ಆಯಾ ಸಿಲಿಂಡರಿನ ವಿನ್ಯಾಸದ ಉಷ್ಣತೆಯ ಮೇಲ್ಮಿತಿಯನ್ನು ಯಾವ ಕಾರಣಕ್ಕೂ ಮುಟ್ಟದಂತೆ ಉಗಿ ತಾನಾಗಿ ನಿಲ್ಲುವ ಏರ್ಪಾಡಿರಬೇಕು. ಆವಿಯನ್ನು ಸಾಗಿಸುವ ಕೊಳವೆಗಳೂ ಬಿಸಿಯಾಗಿಯೇ ಇರಬೇಕು, ಇಲ್ಲವಾದರೆ ಆವಿ ದಾರಿಯಲ್ಲಿ ಹೆಪ್ಪುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಕೊಳವೆಯನ್ನು ಒಂದು ಕಡೆಯಿಂದ ಮಾತ್ರ ಕಾಯಿಸಲು ಹೊರಡುವುದು ಮತ್ತೆ ಅದೇ ಹಿಗ್ಗುವಿಕೆಯ ತಪ್ಪಿಗೆ ದಾರಿ.

ಉಗಿಯೊಂದಿಗೆ ಕೂಡಿಸುವುದು

ಇಲ್ಲಿಯವರೆಗೆ ನೀರನ್ನು ದೂರವಿಡುವುದೇ ಕೆಲಸವಾಗಿತ್ತು. ಈಗ ನೀರನ್ನೇ ಕರೆತರಬೇಕು, ಆದರೆ ಲೆಕ್ಕ ಹಾಕಿ. ಒಂದು ಸಿಲಿಂಡರಿನ 12 ಟನ್ ಹೆಕ್ಸಾಫ್ಲೋರೈಡನ್ನು ಪೂರ್ತಿ ಆಕ್ಸೈಡ್ ಮಾಡಲು ಸಮೀಕರಣದ ಪ್ರಕಾರ ಬೇಕಾದ ನೀರು 1.84 ಟನ್. ಹೊರಬರುವುದು 9.57 ಟನ್ ಆಕ್ಟಾಕ್ಸೈಡ್, 4.09 ಟನ್ ಹೈಡ್ರೋಜನ್ ಫ್ಲೋರೈಡ್ ಮತ್ತು ಸ್ವಲ್ಪ ಆಮ್ಲಜನಕ. ವಾಸ್ತವದಲ್ಲಿ ಉಗಿಯನ್ನು ಇದಕ್ಕಿಂತ ಧಾರಾಳವಾಗಿ ಕೊಡುತ್ತಾರೆ, ಆ ಹೆಚ್ಚುವರಿ ನೀರೇ ಮುಂದೆ ಆಮ್ಲದಲ್ಲಿ ಸೇರಿ ಬರುತ್ತದೆ.

ಕ್ರಿಯೆ ಎರಡು ಹಂತಗಳಲ್ಲಿ ನಡೆಯುತ್ತದೆ. ಆವಿ ಮತ್ತು ಉಗಿ ಸಂಧಿಸಿದ ಕೂಡಲೇ ಯುರೇನಿಲ್ ಫ್ಲೋರೈಡಿನ ನುಣ್ಣನೆಯ ಪುಡಿ ಹುಟ್ಟುತ್ತದೆ. ಆರು ಫ್ಲೋರಿನ್ ಪರಮಾಣುಗಳಲ್ಲಿ ನಾಲ್ಕು ಇಲ್ಲಿಯೇ ಕಳಚಿಕೊಳ್ಳುತ್ತವೆ. ಈ ಹಂತ ತಾನಾಗಿ, ರಭಸವಾಗಿ, ಶಾಖ ಬಿಡುತ್ತಾ ನಡೆಯುವಂಥದು. ಉಳಿದ ಎರಡು ಪರಮಾಣುಗಳು ಹಟಮಾರಿಗಳು. ಅವನ್ನು ಬಿಡಿಸಲು ಪುಡಿಯನ್ನು ನೂರಾರು ಡಿಗ್ರಿ ಉಷ್ಣತೆಯಲ್ಲಿ, ಎದುರಿನಿಂದ ಬರುವ ಉಗಿಯೊಂದಿಗೆ, ಸಾಕಷ್ಟು ಹೊತ್ತು ಇರಿಸಬೇಕಾಗುತ್ತದೆ. ಫ್ರೆಂಚ್ ಸ್ಥಾವರದಲ್ಲಿ ಇದು ನಿಧಾನವಾಗಿ ತಿರುಗುವ ಓರೆಯಾದ ಕುಲುಮೆಯಲ್ಲಿ ನಡೆಯುತ್ತದೆ. ಅಮೆರಿಕದ ಎರಡು ಸ್ಥಾವರಗಳಲ್ಲಿ ಪುಡಿಯನ್ನು ಅನಿಲದ ಒತ್ತಡದಿಂದ ತೇಲಿಸಿ ಕುದಿಯುವಂತೆ ಮಾಡುವ ಪಾತ್ರೆಗಳಿವೆ, ಪಡೂಕಾದಲ್ಲಿ ನಾಲ್ಕು ಸಾಲು, ಪೋರ್ಟ್ಸ್‌ಮತ್‌ನಲ್ಲಿ ಮೂರು. ಎರಡೂ ವಿಧಾನಗಳಲ್ಲಿ ಉಗಿಯ ಜೊತೆ ಹೈಡ್ರೋಜನ್ನನ್ನೂ ಕೊಡುವ ಪದ್ಧತಿಯಿದೆ. ಹಾಗೆ ಕೊಡುವಲ್ಲಿ ಬೆಂಕಿಯ ಅಪಾಯವನ್ನು ಪ್ರತ್ಯೇಕವಾಗಿ ಲೆಕ್ಕಿಸಬೇಕು. ಕುಲುಮೆಯ ಉಷ್ಣತೆ ತಗ್ಗಿದರೆ ಕ್ರಿಯೆ ಅರ್ಧವಾಗುತ್ತದೆ, ವಿಪರೀತ ಏರಿದರೆ ಪುಡಿ ಗಂಟುಗಟ್ಟಿ ಗಂಟಿನೊಳಗೆ ಫ್ಲೋರೈಡ್ ಸಿಕ್ಕಿಬೀಳುತ್ತದೆ.

ಆದುದರಿಂದ ಪುಡಿ ಹೊರಬಂದ ಮೇಲೆ ನೋಡಬೇಕಾದ ಮುಖ್ಯ ಅಂಕಿ ಅದರ ಯುರೇನಿಯಂ ಪ್ರಮಾಣವಲ್ಲ, ಉಳಿದ ಫ್ಲೋರೈಡಿನ ಪ್ರಮಾಣ. ಅರೆಬೆಂದ ಪುಡಿಯಲ್ಲಿ ಯುರೇನಿಲ್ ಫ್ಲೋರೈಡ್ ಉಳಿದಿದ್ದರೆ ಅದು ನೀರಿನಲ್ಲಿ ಕರಗುತ್ತದೆ, ತೇವ ತಗುಲಿದರೆ ಪಾತ್ರೆಯನ್ನು ಒಳಗಿನಿಂದ ತಿನ್ನುತ್ತದೆ. ಇಷ್ಟು ಖರ್ಚು ಮಾಡಿ ಪಡೆದ ಸ್ಥಿರತೆ ಹೆಸರಿಗಷ್ಟೇ ಉಳಿಯುತ್ತದೆ. ಮಾದರಿ ಪರೀಕ್ಷೆಯಲ್ಲಿ ಫ್ಲೋರೈಡ್ ಮಿತಿ ಮೀರಿದ ಪುಡಿಯನ್ನು ಮತ್ತೆ ಕುಲುಮೆಗೆ ಕಳಿಸಬೇಕು, ರಿಯಾಯಿತಿ ತೋರಿಸಬಾರದು.

ಆಮ್ಲದ ಲೆಕ್ಕ

ಕುಲುಮೆಯಿಂದ ಹೊರಡುವ ಅನಿಲದಲ್ಲಿ ಹೈಡ್ರೋಜನ್ ಫ್ಲೋರೈಡೂ ಉಗಿಯೂ ಪುಡಿಯ ಕಣಗಳೂ ಇರುತ್ತವೆ. ಮೊದಲು ಲೋಹದ ಸೋಸಿಗಳ ಮೂಲಕ ಕಣಗಳನ್ನು ತಡೆದು ಮರಳಿ ಕುಲುಮೆಗೆ ಬೀಳಿಸಬೇಕು. ನಂತರ ಅನಿಲವನ್ನು ತಣಿಸಿ ಹೈಡ್ರೋಫ್ಲೋರಿಕ್ ಆಮ್ಲವನ್ನಾಗಿ ಇಳಿಸಿಕೊಳ್ಳಬೇಕು. ತಣಿಸಿದ ಮೇಲೂ ಉಳಿಯುವ ಅಂಶವನ್ನು ಕ್ಷಾರದ ದ್ರಾವಣದಲ್ಲಿ ತೊಳೆದ ಬಳಿಕವೇ ಚಿಮಣಿಗೆ ಬಿಡಬೇಕು. ಫ್ರಾನ್ಸಿನಲ್ಲಿ ಹೀಗೆ ಸಿಗುವ ಆಮ್ಲದ ಸಾಂದ್ರತೆ ಶೇ 70. ಅದಕ್ಕೆ ಗಿರಾಕಿಗಳಿದ್ದಾರೆ: ಗಾಜು ಕೆತ್ತುವವರು, ಉಕ್ಕಿನ ಮೇಲ್ಮೈ ಶುಚಿಮಾಡುವವರು, ಫ್ಲೋರಿನ್ ರಾಸಾಯನಿಕಗಳ ಕಾರ್ಖಾನೆಯವರು. ಹೊಸ ಯುರೇನಿಯಂ ಅದಿರನ್ನು ಹೆಕ್ಸಾಫ್ಲೋರೈಡ್ ಮಾಡುವ ಸ್ಥಾವರಕ್ಕೇ ಮರಳಿ ಹೋಗಬಹುದೆಂಬುದು ಈ ವ್ಯಾಪಾರದ ಸ್ವಾರಸ್ಯ.

ಮಾರಾಟಕ್ಕೆ ಮುನ್ನ ಆಮ್ಲದಲ್ಲಿ ಯುರೇನಿಯಂ ಎಷ್ಟಿದೆ ಎಂಬುದನ್ನು ಪ್ರತಿಯೊಂದು ತೊಟ್ಟಿಯಲ್ಲೂ ಅಳೆಯಬೇಕು. ಸೋಸಿಯೊಂದು ಬಿರುಕುಬಿಟ್ಟರೆ ಅದು ಮೊದಲು ಗೊತ್ತಾಗುವುದು ಇಲ್ಲಿ. ಮಿತಿಗಿಂತ ಹೆಚ್ಚು ಯುರೇನಿಯಂ ಇರುವ ಆಮ್ಲ ಸಾಮಾನ್ಯ ಮಾರುಕಟ್ಟೆಗೆ ಹೋಗುವಂತಿಲ್ಲ.

ಕೊಳ್ಳುವವರಿಲ್ಲದಿದ್ದರೆ ಅಥವಾ ಆಮ್ಲ ಪರೀಕ್ಷೆಯಲ್ಲಿ ಸೋತರೆ, ಸುಣ್ಣ ಹಾಕಿ ಕ್ಯಾಲ್ಸಿಯಂ ಫ್ಲೋರೈಡ್ ಮಾಡಬೇಕು. ಒಂದು ಟನ್ ಹೆಕ್ಸಾಫ್ಲೋರೈಡಿಗೆ ಸುಮಾರು 665 ಕಿಲೋ ಕ್ಯಾಲ್ಸಿಯಂ ಫ್ಲೋರೈಡ್ ಬರುತ್ತದೆ. 12 ಟನ್ನಿನ ಒಂದು ಸಿಲಿಂಡರಿಗೆ ಇದು ಸುಮಾರು 8 ಟನ್. ನೀರಿನಲ್ಲಿ ಬಹುಮಟ್ಟಿಗೆ ಕರಗದ, ನಿರುಪದ್ರವಿಯಾದ ವಸ್ತುವೇ ಆದರೂ ಅದನ್ನೂ ಎಲ್ಲೋ ಇಡಬೇಕಲ್ಲ. ಆಮ್ಲ ಮಾರುವ ವ್ಯವಸ್ಥೆ ಲಾಭಕ್ಕಿಂತ ಹೆಚ್ಚಾಗಿ ತ್ಯಾಜ್ಯದ ಗಾತ್ರವನ್ನು ಇಳಿಸುವುದಕ್ಕೆ ಬೇಕಾದದ್ದು ಎಂದು ನನ್ನ ಎಣಿಕೆ. ಸ್ಥಾವರದ ಯೋಜನೆ ಹಾಕುವವರು ಗಿರಾಕಿಯನ್ನು ಮೊದಲು ಹುಡುಕಿ ಆಮೇಲೆ ಕುಲುಮೆ ಕಟ್ಟುವುದು ವಿವೇಕ.

ಖಾಲಿ ಸಿಲಿಂಡರು ಖಾಲಿಯಲ್ಲ

ಆವಿ ಹೊರಟುಹೋದ ಮೇಲೂ ಸಿಲಿಂಡರಿನ ತಳದಲ್ಲಿ ಗಸಿ ಉಳಿಯುತ್ತದೆ. ಸಾಗಣೆಯ ನಿಯಮಗಳ ಪ್ರಕಾರ ಈ ಗಾತ್ರದ ಸಿಲಿಂಡರಿನಲ್ಲಿ ಅದು 22.7 ಕಿಲೋ ಮೀರಬಾರದು. ಪ್ರಮಾಣ ಅಲ್ಪವೆಂದು ಅಲಕ್ಷಿಸುವಂತಿಲ್ಲ, ಏಕೆಂದರೆ ಯುರೇನಿಯಂ-238 ಕ್ಷಯಿಸಿ ಹುಟ್ಟುವ ಥೋರಿಯಂ-234 ಮತ್ತು ಅದರ ಮರಿಯಾದ ಪ್ರೊಟಾಕ್ಟಿನಿಯಂ ಆವಿಯಾಗದೆ ಹಿಂದೆಯೇ ಉಳಿಯುತ್ತವೆ. ತುಂಬಿದ ಸಿಲಿಂಡರಿನಲ್ಲಿ ಟನ್ನುಗಟ್ಟಲೆ ಯುರೇನಿಯಂ ತಾನೇ ಗೋಡೆಯಾಗಿ ಅವುಗಳ ವಿಕಿರಣವನ್ನು ತಡೆಯುತ್ತಿತ್ತು. ಖಾಲಿಯಾದ ಮೇಲೆ ಆ ಗೋಡೆ ಇಲ್ಲ. ಹಾಗಾಗಿ ಆಗತಾನೇ ಖಾಲಿ ಮಾಡಿದ ಸಿಲಿಂಡರಿನ ಹೊರಮೈಯಲ್ಲಿ ವಿಕಿರಣದ ಮಟ್ಟ ತುಂಬಿದ ಸಿಲಿಂಡರಿಗಿಂತ ಹೆಚ್ಚಿರುತ್ತದೆ. ಹೊಸಬರು ಇದನ್ನು ಕೇಳಿದಾಗ ನಂಬುವುದಿಲ್ಲ. ಥೋರಿಯಂ-234ರ ಅರ್ಧಾಯುಷ್ಯ ಸುಮಾರು 24 ದಿನ. ನಾಲ್ಕು ತಿಂಗಳು ಬೇರೆಯಾಗಿ ಇರಿಸಿದರೆ ಐದು ಅರ್ಧಾಯುಷ್ಯಗಳು ಕಳೆದು ಶೇ 3ರಷ್ಟು ಮಾತ್ರ ಉಳಿಯುತ್ತದೆ, ಆಗ ಮುಟ್ಟುವ ಕೆಲಸ ಸುಲಭ.

ಅಮೆರಿಕದಲ್ಲಿ ಈ ಸಿಲಿಂಡರುಗಳನ್ನೇ ಮಾರ್ಪಡಿಸಿ ಆಕ್ಸೈಡ್ ತುಂಬಲು ಬಳಸುತ್ತಾರೆ. ಸಿಲಿಂಡರಿನ ಒಳಗಾತ್ರ ಸುಮಾರು 4 ಘನ ಮೀಟರ್, 9.57 ಟನ್ ಪುಡಿ ಅದರಲ್ಲಿ ಕೂರಬೇಕಾದರೆ ಘನ ಮೀಟರಿಗೆ ಸುಮಾರು 2.4 ಟನ್ನಿನಂತೆ ಒತ್ತಾಗಿ ತುಂಬಬೇಕು. ಪುಡಿ ಪೂರ್ತಿ ತಣಿದು ಒಣಗಿರಬೇಕು. ತುಂಬುವ ಜಾಗದಲ್ಲಿ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆಯಿರಬೇಕು, ಧೂಳು ಸೋಸುವ ವ್ಯವಸ್ಥೆಯಿರಬೇಕು, ಕಾರ್ಮಿಕರ ಮೂತ್ರದಲ್ಲಿ ಯುರೇನಿಯಂ ಪ್ರಮಾಣವನ್ನು ನಿಯಮಿತವಾಗಿ ಪರೀಕ್ಷಿಸಬೇಕು. ಕರಗದ ಪುಡಿ ಮೂತ್ರಪಿಂಡಕ್ಕೆ ಅಷ್ಟು ಹಾನಿಕಾರಿಯಲ್ಲವಾದರೂ ಉಸಿರಿನೊಡನೆ ಒಳಹೋದರೆ ಶ್ವಾಸಕೋಶದಲ್ಲಿ ಬಹುಕಾಲ ನಿಲ್ಲುತ್ತದೆ.

ಸೋರಿದರೆ

ಬಿಳಿ ಹೊಗೆ ಕಂಡರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಅಥವಾ ಎದುರಾಗಿ ದೂರ ಸರಿಯಬೇಕು, ಆಮೇಲೆ ಕರೆ ಮಾಡಬೇಕು. ಉಸಿರಾಟದ ಸ್ವತಂತ್ರ ಉಪಕರಣವೂ ಆಮ್ಲ ತಡೆಯುವ ಪೂರ್ಣ ಉಡುಪೂ ಇಲ್ಲದವರು ಹತ್ತಿರ ಹೋಗಬಾರದು. ತೂತಿನೊಳಕ್ಕೆ ನೀರು ಹಾಯಿಸುವುದು ಅನಾಹುತಕ್ಕೆ ಎಡೆ. ಶಾಖದ ಮೂಲವನ್ನು ನಿಲ್ಲಿಸಿ ಸಿಲಿಂಡರು ತಣಿದು ಒಳಗಿನದು ಘನವಾಗುವಂತೆ ನೋಡಿಕೊಳ್ಳುವುದೇ ಮುಖ್ಯ ಉಪಾಯ. ಮೈಗೆ ಹೈಡ್ರೋಫ್ಲೋರಿಕ್ ಆಮ್ಲ ತಗುಲಿದರೆ ಬಟ್ಟೆ ತೆಗೆದು ಧಾರಾಳ ನೀರಿನಿಂದ ತೊಳೆದು, ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಹಚ್ಚುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ತೆಳು ಆಮ್ಲದ ಸುಟ್ಟಗಾಯ ಗಂಟೆಗಳ ಕಾಲ ನೋಯದೆಯೂ ಇರಬಹುದು. ನೋವಿಲ್ಲವೆಂದು ಮನೆಗೆ ಕಳಿಸಬಾರದು.

ಆಕ್ಸೈಡನ್ನು ಎಲ್ಲಿ ಇಡುವುದು

ಫ್ರಾನ್ಸ್ ತನ್ನ ಆಕ್ಸೈಡನ್ನು ತ್ಯಾಜ್ಯವೆಂದು ಎಣಿಸದೆ, ಲಿಮೂಸಾನ್ ಪ್ರಾಂತದ ಬೆಸೀನ್‌ನಲ್ಲಿ, ಹಿಂದೆ ಯುರೇನಿಯಂ ಗಣಿಗಾರಿಕೆ ನಡೆದ ನೆಲದ ಮೇಲೆಯೇ, ಗೋದಾಮುಗಳಲ್ಲಿ ಕೂಡಿಟ್ಟಿದೆ. ಮುಂದೆಂದಾದರೂ ವೇಗದ ನ್ಯೂಟ್ರಾನಿನ ರಿಯಾಕ್ಟರುಗಳು ಬಂದರೆ ಅದೇ ಇಂಧನದ ಕಚ್ಚಾವಸ್ತು ಎಂಬ ವಾದ ಅಲ್ಲಿನದು. ಅಮೆರಿಕದಲ್ಲಿ ಟೆಕ್ಸಾಸ್ ಮತ್ತು ಯೂಟಾಗಳ ಒಣಪ್ರದೇಶಗಳಲ್ಲಿ ಹೂಳುವ ಕಡೆಗೆ ಒಲವು ಹೆಚ್ಚು.

ಹೂಳುವ ಜಾಗವನ್ನು ಆರಿಸುವವರು ಒಂದು ವಿಚಿತ್ರ ಗುಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಮಾನ್ಯ ವಿಕಿರಣ ತ್ಯಾಜ್ಯ ಕಾಲ ಕಳೆದಂತೆ ತಣಿಯುತ್ತದೆ, ಕ್ಷೀಣಿತ ಯುರೇನಿಯಂ ಹಾಗಲ್ಲ. ಅದಿರಿನಿಂದ ಬೇರ್ಪಡಿಸಿದಾಗ ಅದು ಕ್ಷಯಿಸಿ ಹುಟ್ಟಿದ ಸಂತತಿಯ ಬಹುಭಾಗ ಗಣಿಯ ಹೂಳಿನಲ್ಲೇ ಉಳಿದುಹೋಗಿರುತ್ತದೆ. ಥೋರಿಯಂ-230, ರೇಡಿಯಂ-226, ರೇಡಾನ್ ಅನಿಲ ಇವು ಮತ್ತೆ ಅದರಲ್ಲಿ ನಿಧಾನವಾಗಿ ಹುಟ್ಟಿ ಬೆಳೆಯುತ್ತವೆ, ಹತ್ತು ಲಕ್ಷ ವರ್ಷಗಳಾಚೆಗೂ ಅದರ ವಿಕಿರಣ ಏರುತ್ತಲೇ ಹೋಗುತ್ತದೆ. ಆದ್ದರಿಂದ ಮೇಲ್ಮಣ್ಣಿನ ಹೊದಿಕೆಯ ದಪ್ಪವನ್ನು ಇಂದಿನ ಅಳತೆಯ ಆಧಾರದ ಮೇಲೆ ನಿರ್ಧರಿಸದೆ, ಮುಂದೆ ಹೊಮ್ಮುವ ರೇಡಾನನ್ನು ಎಣಿಸಿ ನಿರ್ಧರಿಸಬೇಕು, ಸವೆತಕ್ಕೆ ಸಿಲುಕದಷ್ಟು ಆಳದಲ್ಲಿ ಇಡಬೇಕು. ಪ್ರತಿಯೊಂದು ಪಾತ್ರೆಯ ಮೇಲೂ ಮೂಲ ಸಿಲಿಂಡರಿನ ಸಂಖ್ಯೆ, ಪುಡಿಯ ತೂಕ, ಉಳಿದ ಫ್ಲೋರೈಡಿನ ಪ್ರಮಾಣ, ಟೆಕ್ನೀಶಿಯಂ ಮುಂತಾದ ಅಲ್ಪಾಂಶಗಳ ವಿವರ ಅಳಿಯದಂತೆ ಕೊರೆದಿರಬೇಕು. ಅದೇ ವಿವರದ ಪ್ರತಿ ಸ್ಥಾವರದಲ್ಲೂ, ಹೂಳುವ ತಾಣದಲ್ಲೂ, ನಿಯಂತ್ರಣ ಸಂಸ್ಥೆಯಲ್ಲೂ ಬೇರೆಬೇರೆಯಾಗಿ ಇರಬೇಕು.